ಕೋಸಂಬರಿಗೆ ಬಿದ್ದ ಲೆನ್ಸ್

ಕಳೆದ ಶನಿವಾರ ನನ್ನ ಕ್ಯಾಮೆರಾ ಕೋಸಂಬರಿ ಪಾತ್ರೆಗೆ ಬಾಯಿ ಹಾಕಿತು.

ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನಮ್ಮ ಪಕ್ಕದ ಬೀದಿಯ ಪದ್ಮಾ ಆಂಟಿ ಮನೆಯಲ್ಲಿ ದಸರಾ ಗೊಂಬೆ ಕೂರಿಸಿದ್ದರು. ಗೊಂಬೆಗಳ ಮುಂದೆ ಹೆಂಗಸರನ್ನೆಲ್ಲ ನಿಲ್ಲಿಸಿ, "ಸ್ವಲ್ಪ ಒತ್ಕೊಳ್ರೀ, ಸೀರೆ ಏನೂ ಹಾಳಾಗಲ್ಲ" ಎನ್ನುತ್ತಾ ಕ್ಯಾಮೆರಾ ಎತ್ತಿದೆ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಚಳಕ್ ಎಂದಿತು. ಕೈ ಬಿಟ್ಟೇಹೋಯಿತು. ಕೊರಳ ಪಟ್ಟಿ ಕ್ಯಾಮೆರಾವನ್ನು ಉಳಿಸಿತು, ಎದುರಿನ ಮೇಜಿನ ಮೇಲಿದ್ದ ಕೋಸಂಬರಿಯನ್ನು ಉಳಿಸಲಿಲ್ಲ. (ಲೆನ್ಸಿನ ಅಂಚಿನಲ್ಲಿ ಹೆಸರುಬೇಳೆ ಇನ್ನೂ ಸಿಗುತ್ತಿದೆ.)

ಪದ್ಮಾ ಆಂಟಿ ನಿವೃತ್ತ ಡಾಕ್ಟರ್. ಅಲ್ಲೇ ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿದರು. ವಾರವೆಲ್ಲ ಲ್ಯಾಬ್‌ನಲ್ಲಿ ಹೆಬ್ಬೆರಳಿನಿಂದ, ದ್ರವ ಅಳೆದು ಹಾಕುವ ಪಿಪೆಟ್ ಒತ್ತುವುದು ನನ್ನ ಕೆಲಸ. ವೀಕೆಂಡ್ ಬಂದರೆ ಅದೇ ಕೈಗೆ ಈ ಭಾರದ ಡಿಎಸ್ಎಲ್ಆರ್ ಕ್ಯಾಮೆರಾ.

"ಕೈ ಬೇಕೋ, ಕ್ಯಾಮೆರಾ ಬೇಕೋ? ಯೋಚ್ನೆ ಮಾಡಮ್ಮಾ."

"ಎರಡೂ ಬೇಕು ಆಂಟಿ."

ಊಟದ ಹೊತ್ತಿಗೆ ಸಲಹೆಗಳು ಶುರುವಾದವು. ನಮ್ಮ ಜನಕ್ಕೆ ಅದೊಂದಕ್ಕೆ ಬರವೇ ಇಲ್ಲವಲ್ಲ! ಎಲ್ಲರ ಬಾಯಲ್ಲೂ ಒಂದೇ ಮಾತು, ಮಿರರ್‌ಲೆಸ್ ತಗೊಳ್ಳಿ. ಡಿಎಸ್ಎಲ್ಆರ್ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತದೆ, ಪ್ರತಿ ಫೋಟೋಗೂ ಟಕ್ ಎಂದು ಮೇಲೇಳುತ್ತದೆ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ, ಆದ್ದರಿಂದ ಹಗುರ. ನನ್ನ ಗಂಡ ಶ್ರೀಧರ್, "ನಾನು ಆವತ್ತೇ ಹೇಳಿದ್ದೆ" ಎಂದರು. (ಯಾವತ್ತು ಎಂದು ಕೇಳಬೇಡಿ.) ಹದಿನೈದು ವರ್ಷದ ಮಗಳು ಅನು ಇನ್ನೂ ಸುಲಭ ಮಾಡಿದಳು: "ಅಮ್ಮಾ, ಜಸ್ಟ್ ಫೋನ್ ಯೂಸ್ ಮಾಡು. ನೋಬಡಿ ಕೇರ್ಸ್."

ನಾನು ಕೇರ್ ಮಾಡುತ್ತೇನೆ! ವಾರವೆಲ್ಲ ಬೇರೆಯವರ ಪ್ರಯೋಗಗಳಿಗೆ ದುಡಿಯುತ್ತೇನೆ. ಫೋಟೋ ಒಂದೇ ನಾನು ನನಗಾಗಿ ಮಾಡುವ ಕೆಲಸ. ಒಂದು ಹೆಬ್ಬೆರಳು ಮುನಿಸಿಕೊಂಡಿತೆಂದು ಅದನ್ನು ಬಿಡುವುದೇ? ಸಾಧ್ಯವೇ ಇಲ್ಲ.

ಭಾನುವಾರ ಅಂಗಡಿಗೆ ಹೋದೆವು. ಮಿರರ್‌ಲೆಸ್ ಕೈಗೆ ತೆಗೆದುಕೊಂಡೆ. ಆಹಾ, ಎಷ್ಟು ಹಗುರ! ಕಣ್ಣಿಟ್ಟು ನೋಡಿದರೆ ಫೋಟೋ ಕತ್ತಲೋ ಬೆಳಕೋ ಎಂದು ತೆಗೆಯುವ ಮೊದಲೇ ಕಾಣುತ್ತದೆ. ಸದ್ದೂ ಇಲ್ಲ. ಶ್ರೀಧರ್ ಆಗಲೇ ಪರ್ಸ್ ತೆಗೆದರು.

"ಒಂದ್ನಿಮಿಷ ಇರಿ" ಎಂದೆ. ನನ್ನ ಹಳೆಯ ಕ್ಯಾಮೆರಾದಲ್ಲಿದ್ದ ಉದ್ದನೆಯ ಜೂಮ್ ಲೆನ್ಸಿನಂಥದ್ದನ್ನೇ ಇದಕ್ಕೂ ಹಾಕಿಸಿಕೊಂಡು ಎತ್ತಿದೆ.

ಚಳಕ್!

ಅದೇ ನೋವು, ಅದೇ ಜಾಗ. ಭಾರ ಇದ್ದದ್ದು ಕನ್ನಡಿಯಲ್ಲಿ ಅಲ್ಲವೇ ಅಲ್ಲ, ಮುಂದೆ ನೇತಾಡುವ ಲೆನ್ಸಿನಲ್ಲಿ. ಅಷ್ಟೊಂದು ಜನ ಕೂತು ಅಷ್ಟು ಚರ್ಚೆ ಮಾಡಿದೆವು, ಒಬ್ಬರಾದರೂ ಲೆನ್ಸಿನ ಮಾತೆತ್ತಿದರೇ?

"ಹಾಗಾದ್ರೆ ಏನ್ ತಗೊಳ್ಳೋದು ಈಗ?"

"ಏನೂ ಬೇಡ. ಮನೆಗೆ ನಡೀರಿ."

ಆ ಜೂಮ್ ಕೊಂಡದ್ದು ಕನ್ನಡ ಸಂಘದ ಕಾರ್ಯಕ್ರಮಗಳಿಗೆ. ಕೊನೆಯ ಸಾಲಿನಲ್ಲಿ ಕೂತೇ ಸ್ಟೇಜಿನ ಮೇಲಿನ ಮಕ್ಕಳ ಮುಖ ಹಿಡಿಯಬಹುದು. ಅಲ್ಲದೆ, ದೊಡ್ಡ ಲೆನ್ಸ್ ಕಂಡರೆ ನಮ್ಮವರು ತಾವಾಗಿಯೇ ದಾರಿ ಬಿಡುತ್ತಾರೆ, ನಿಲ್ಲು ಎಂದಲ್ಲಿ ನಿಲ್ಲುತ್ತಾರೆ. ಆ ಗತ್ತು ಯಾರಿಗೆ ಬೇಡ? ಒಮ್ಮೆ ಹಾಕಿದ್ದು ಮತ್ತೆ ಕಳಚಲೇ ಇಲ್ಲ. ಅನುವಿನ ಬರ್ತ್‌ಡೇಗೂ ಅದೇ, ಅವಳ ಸಾಕರ್ ಮ್ಯಾಚಿಗೂ ಅದೇ, ಅಡುಗೆಮನೆಗೂ ಅದೇ.

ಮನೆಗೆ ಬಂದು ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪುಟ್ಟ ಲೆನ್ಸ್ ಹುಡುಕಿ ತೆಗೆದೆ. ಅಂಗೈಯಲ್ಲಿ ಮುಚ್ಚಿಡಬಹುದು. ಜೂಮ್ ಇಲ್ಲ, ದೊಡ್ಡದಾಗಿ ಕಾಣಬೇಕಾದರೆ ನಾವೇ ನಡೆದು ಹತ್ತಿರ ಹೋಗಬೇಕು. ಹಳೆಯ ಡಿಎಸ್ಎಲ್ಆರ್‌ಗೇ ಅದನ್ನು ಹಾಕಿ, ಎಡಗೈ ಕೆಳಗೆ ಕೊಟ್ಟು ಎತ್ತಿದೆ. ಹೆಬ್ಬೆರಳು ಸುಮ್ಮನಿತ್ತು.

(ಹೊಸದಾಗಿ ಕೊಳ್ಳುವವರು ಧಾರಾಳವಾಗಿ ಮಿರರ್‌ಲೆಸ್ ಕೊಳ್ಳಿ, ನನ್ನ ತಕರಾರಿಲ್ಲ. ಆದರೆ ದಿನಾ ಹಾಕುವ ಲೆನ್ಸನ್ನೂ ಸೇರಿಸಿಯೇ ಎತ್ತಿ ನೋಡಿ.)

ಸೋಮವಾರ ಬೆಳಿಗ್ಗೆ ಅನು ಸೀರಿಯಲ್ ತಿನ್ನುತ್ತಾ ಕೂತಿದ್ದಳು. ಅಡುಗೆಮನೆ ಬಾಗಿಲಿನಿಂದ ನೋಡಿದರೆ ಅವಳಿಗಿಂತ ಫ್ರಿಜ್ಜೇ ದೊಡ್ಡದಾಗಿ ಕಾಣುತ್ತಿತ್ತು. ಒಂದೊಂದೇ ಹೆಜ್ಜೆ ಹತ್ತಿರ ಹೋದೆ.

"ಅಮ್ಮಾ! ವೈ ಸೋ ಕ್ಲೋಸ್?"

"ಇದಕ್ಕೆ ಜೂಮ್ ಇಲ್ಲ ಕಣೇ. ಆ ಕಡೆ ನೋಡು."

ಕ್ಲಿಕ್ಕಿಸಿದೆ. ಕೈ ನೋಯಲಿಲ್ಲ. ಗೆದ್ದೆ ಎಂದುಕೊಳ್ಳುವಾಗಲೇ ಅವಳ ಎಡ ಹುಬ್ಬಿನ ಕೆಳಗೆ ಒಂದು ಸಣ್ಣ ಗಾಯದ ಗುರುತು ಕಂಡಿತು.

"ಇದ್ಯಾವಾಗ ಆಯ್ತೇ?"

"ಸಾಕರ್ ಆಡುವಾಗ. ಲಾಸ್ಟ್ ಇಯರ್." ಸ್ಪೂನು ಬಾಯಲ್ಲಿಟ್ಟುಕೊಂಡೇ ಹೇಳಿದಳು. "ನೀನು ಅಲ್ಲೇ ಇದ್ದೆ ಅಮ್ಮಾ. ಫೋಟೋ ತೆಗೀತಾ ಇದ್ದೆ."

ಒಂದೇ ಮನೆಯಲ್ಲಿರುವ ಮಗಳನ್ನು ನೋಡಲು ನನಗೆ ಇಷ್ಟು ದಿನ ಜೂಮ್ ಯಾಕೆ ಬೇಕಾಗಿತ್ತು?