ಜುಟ್ಟಿನ ಮೇಲೆ ಬಂದ ಬಿಳಿ

ಕೋಳಿಗೆ ಏನಾಗಿದೆ ಎಂದು ತಿಳಿಯಲು ಮೊದಲು ತಲೆಯ ಮೇಲಿನ ಜುಟ್ಟನ್ನು ನೋಡಬೇಕು. ತತ್ತಿಯಿಡುವ ಕೋಳಿಯ ಜುಟ್ಟು ಕೆಂಪಾಗಿರುತ್ತದೆ, ಮುಟ್ಟಿದರೆ ಬೆಚ್ಚಗೆ. ಬಿಳಿಚಿಕೊಂಡಿದ್ದರೆ ಯಾವುದೋ ಹುಳು ರಕ್ತ ಹೀರುತ್ತಿದೆ. ನೀಲಿಗೆ ತಿರುಗಿದರೆ ಉಸಿರಿಗೋ ಎದೆಗೋ ತೊಂದರೆ. ಕಪ್ಪು ಹಕ್ಕಳೆ ಎದ್ದರೆ ಸಿಡುಬು, ಇಲ್ಲವೇ ಜೊತೆಯ ಕೋಳಿ ಕುಕ್ಕಿದ ಗಾಯ. ಇದನ್ನು ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ತರಗತಿಯಲ್ಲಿ ಕಲಿಯಲಿಲ್ಲ. ಉಣಕಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ, ಅವ್ವನ ಸಲುವಾಗಿ ಕಲಿತೆ.

ಅವ್ವನಿಗೆ ಕ್ಷಯವಾಗಿತ್ತು. ಗುಳಿಗೆಗಳು ತಮ್ಮ ಕೆಲಸ ಮಾಡುತ್ತಿದ್ದವು, ಆದರೆ ತೂಕ ಏರುತ್ತಿರಲಿಲ್ಲ. ಹಾಲು ಆಕೆಗೆ ಮೊದಲಿನಿಂದಲೂ ಒಗ್ಗದು. ಬೇಳೆ ತಿಂದರೆ ಹೊಟ್ಟೆ ಉಬ್ಬಿ ಒದ್ದಾಡುತ್ತಿದ್ದಳು. ಧಾರವಾಡದ ವೈದ್ಯೆ ಅವ್ವನ ಕೆಳರೆಪ್ಪೆಯನ್ನು ಎಳೆದು ನೋಡಿ, ನನ್ನ ಕಡೆ ತಿರುಗಿ ಹೇಳಿದರು: "ತತ್ತಿ ತಿನ್ನಸ್ರಿ, ದಿನಾ. ನಿಮ್ಮ ಮನ್ಯಾಗ ನಡಿಯೂದಿಲ್ಲ ಅಂತ ಗೊತ್ತೈತಿ. ಆದ್ರೂ ಹೇಳಾಕತ್ತೇನಿ."

ನಡೆಯುತ್ತಿರಲಿಲ್ಲ. ನಮ್ಮದು ಎರಡು ಹೊತ್ತು ಲಿಂಗಪೂಜೆ ನಡೆಯುವ ಮನೆ. ಅಪ್ಪನಿಗೆ ಕಾಳಿನ ವ್ಯಾಪಾರ. ಮನೆಯೊಳಗಿನ ಮಾತೆಲ್ಲ ಅವರ ತಾಯಿಯದು. ನಾವು ಅವರನ್ನು ಆಯಿ ಎನ್ನುತ್ತೇವೆ. ವೈದ್ಯೆಯ ಮಾತು ಕೇಳಿ ಆಯಿ ಅಂದರು: "ಅಂಗಡಿ ತತ್ತಿ ಬ್ಯಾಡ. ಅದು ಕಡಿಯೋ ಜಾಗಾದಿಂದ ಬರ್ತೈತಿ. ಬೇಕಾದ್ರ ಕೋಳಿ ಸಾಕ್ಕೋರಿ. ಹಿತ್ತಲದಾಗ ಬೇಯಸ್ರಿ, ಹಿತ್ತಲದಾಗ ತಿನ್ರಿ. ಹೊಸ್ತಲಾ ದಾಟಿ ಒಳಗ ಬರಬಾರದು."

ಅವರ ಮಟ್ಟಿಗೆ ಅದು ಸಣ್ಣ ಮಾತಾಗಿರಲಿಲ್ಲ. ಅದನ್ನು ನಾನು ಅಂದೂ ಒಪ್ಪಿದ್ದೆ, ಈಗಲೂ ಒಪ್ಪುತ್ತೇನೆ.

ನಾಲ್ಕು ಕೋಳಿ ತಂದೆವು. ಹಿತ್ತಲಲ್ಲಿ ಚೇಳು ಹೆಚ್ಚಾಗಿವೆ, ಅದಕ್ಕೆ ಸಾಕಿದ್ದೇವೆ ಎಂದು ಓಣಿಯಲ್ಲಿ ಹೇಳಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ನಾವು ಕಾಕು ಎಂದು ಕರೆಯುವ ಪಕ್ಕದ ಮನೆಯ ಹೆಂಗಸು ಗೋಡೆಯ ಆಚೆಯಿಂದ ಇಣುಕಿ, "ಒಂದೆರಡು ಚೇಳಿಗೆ ನಾಕು ಕೋಳಿ ಬೇಕಾದ್ವೇನವಾ? ನಿಮ್ಮ ಹಿತ್ತಲದಾಗ ಚೇಳಿನ ಸಂತಿ ಕೂಡತೈತೇನು?" ಎಂದರು. ನಾನು ನಗಲಿಲ್ಲ. ಅವ್ವ ನಕ್ಕಳು, ನಗುತ್ತಾ ಕೆಮ್ಮಿದಳು.

ಬೆಳಗಿನ ಬಿಸಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅವ್ವ ತತ್ತಿ ತಿನ್ನುತ್ತಿದ್ದಳು. ಮೊದಲು ಮೂಗು ಮುಚ್ಚಿಕೊಂಡು, ಆಮೇಲೆ ಉಪ್ಪು ಖಾರ ಹಚ್ಚಿಕೊಂಡು, ಕೊನೆಗೆ ಕೋಳಿಗಳ ಜೊತೆ ಮಾತಾಡುತ್ತಾ. ಸಾಕಿದ ಸ್ವಲ್ಪ ದಿನಕ್ಕೆ ಒಂದು ಕೋಳಿಯ ಜುಟ್ಟು ಬಿಳಿಚಿತು. ಅದು ರಾತ್ರಿ ಕೂರುವ ಕೋಲಿನ ಸಂದಿಗಳಲ್ಲಿ ಹುಡುಕಿದಾಗ ಕೆಂಪು ಉಣ್ಣಿಯಂಥ ಸಣ್ಣ ಹುಳುಗಳು ಸಿಕ್ಕವು. ಕೋಲು ಸುಟ್ಟು, ಗೂಡಿಗೆ ಸುಣ್ಣ ಬಳಿದು, ಔಷಧಿ ಪುಡಿ ಉದುರಿಸಿದ ಮೇಲೆ ಜುಟ್ಟಿಗೆ ಬಣ್ಣ ಮರಳಿತು. ಅವ್ವನ ತೂಕವೂ ಏರತೊಡಗಿತು. ಬಳೆಗಳು ಮೊಣಕೈವರೆಗೆ ಜಾರುವುದು ನಿಂತಿತು. ಅಷ್ಟು ನೆಮ್ಮದಿಯ ತಿಂಗಳುಗಳು ನಮ್ಮ ಮನೆಯಲ್ಲಿ ಹೆಚ್ಚು ಬಂದಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಂದು ಕೋಳಿಯ ಜುಟ್ಟಿನ ಮೇಲೆ ಬಿಳಿ ಚುಕ್ಕೆ ಕಾಣಿಸಿತು. ಗೂಡಿನ ಸುಣ್ಣ ಮೆತ್ತಿರಬೇಕೆಂದು ಒರೆಸಿದೆ. ಹೋಗಲಿಲ್ಲ. ಚುಕ್ಕೆಗಳು ಹರಡಿ, ಕೂಡಿಕೊಂಡು, ಹಿಟ್ಟು ಸವರಿದಂತೆ ಪದರವಾಯಿತು.

ಪೂಜೆ ಮುಗಿಸಿ ಹಿತ್ತಲ ಬಾಗಿಲಿಗೆ ಬಂದ ಆಯಿ ಅದನ್ನು ಕಂಡರು. ಹತ್ತಿರ ಹೋಗಿ ಬಗ್ಗಿ ನೋಡಿದರು. ಅಲ್ಲಿಯವರೆಗೆ ಅವರು ಆ ಕೋಳಿಗಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

"ಇದಕ್ಕ ಯಾರು ಇಬತ್ತಿ ಹಚ್ಯಾರ?"

"ಯಾರೂ ಹಚ್ಚಿಲ್ಲ ಆಯಿ. ತಾನಾ ಬಂದೈತಿ," ಎಂದೆ. ಈ ಮಾತನ್ನು ಬೇರೆ ರೀತಿ ಹೇಳಬಹುದಿತ್ತು.

ಆಯಿ ಸೆರಗು ಹೊದ್ದು ಕೈಮುಗಿದರು. ಮಧ್ಯಾಹ್ನಕ್ಕೆ ಓಣಿಯ ಹೆಂಗಸರು ಬಂದರು. ವಿಭೂತಿಯ ಮೂರು ಗೆರೆ ಸ್ಪಷ್ಟವಾಗಿವೆ ಎಂದು ಒಬ್ಬರು ತೋರಿಸಿದರು. ನನಗೆ ಒಂದೂ ಕಾಣಲಿಲ್ಲ. ಪಕ್ಕದ ಮನೆಯ ಕಾಕು ಮಾತ್ರ ನನ್ನ ಕಿವಿಯ ಹತ್ತಿರ, "ದೀಕ್ಷಾ ಯಾವ ಸ್ವಾಮ್ಯಾರು ಕೊಟ್ರು ಕೇಳವಾ. ಇನ್ನ ಚೇಳು ತಿನ್ನೂದು ಬಿಟ್ಟು ಪ್ರಸಾದ ಅಷ್ಟ ತಿಂತೈತೋ ಏನೋ," ಅಂದರು.

ನಾನು ಪಶುವೈದ್ಯರಿಗೆ ಫೋಟೋ ತೋರಿಸಿ ಬಂದೆ. ಅದು ಬೂಸರು. ಒಂದರಿಂದ ಒಂದಕ್ಕೆ ಅಂಟುತ್ತದೆ, ಬಿಟ್ಟರೆ ಪುಕ್ಕದ ಬುಡಕ್ಕೂ ಇಳಿಯುತ್ತದೆ. ಕಾಯಿಲೆಯ ಕೋಳಿಯನ್ನು ಬೇರೆ ಇಡಬೇಕು. ಕೈಗವಸು ಹಾಕಿಕೊಂಡು ಬೆಚ್ಚನೆ ನೀರಿನಿಂದ ಪದರ ಮೆತ್ತಗೆ ಮಾಡಿ ತೆಗೆದು ಮುಲಾಮು ಹಚ್ಚಬೇಕು. ಅದರ ತತ್ತಿಯನ್ನು ವಾಸಿಯಾಗುವವರೆಗೆ ಬಿಡಿ, ಉಳಿದವುಗಳದು ತಿನ್ನಿ ಎಂದರು. ಇದಿಷ್ಟನ್ನೂ ಆಯಿಗೆ ಹೇಳಿದೆ.

"ಹಳೇ ರೊಟ್ಟಿಗೆ ಹಿಡೀತೈತಲ್ಲ ಆಯಿ, ಹಂಗ ಇದು."

"ರೊಟ್ಟಿಗೆ ಹಿಡದದ್ದು ಹಸರ ಇರ್ತೈತಿ. ಇದು ಬೆಳ್ಳಗೈತಿ. ನನಗ ಕಣ್ಣಿಲ್ಲೇನು?"

"ಔಷಧ ಹಚ್ಚಿದ್ರ ಹೋಗ್ತೈತಿ."

"ಹಣಿ ಮ್ಯಾಗಿನ ಇಬತ್ತಿ ಹೋಗ್ಲಿ ಅಂತ ಯಾರರ ಔಷಧ ಹಚ್ತಾರೇನು? ಸಾಲಿ ಕಲ್ತಾಕಿ ನೀ. ಕೇಳಾಕ ಛಲೋ ಅನಸ್ತೈತೇನು ನಿನಗ?"

ಅಷ್ಟರಲ್ಲಿ ಬಿಳಿ ಎರಡನೆಯ ಕೋಳಿಗೂ ಬಂತು. ನನಗೆ ಅದು ಸೋಂಕಿನ ಸಾಕ್ಷಿ. ಆಯಿಗೆ ಅದು ಬೇರೆಯದರ ಸಾಕ್ಷಿ. "ಗೆಳತಿಗೂ ಕೊಟ್ಟೈತಿ ನೋಡು," ಎಂದು ಅಪ್ಪನನ್ನು ಕರೆದು ತೋರಿಸಿದರು. ಅಪ್ಪ ತಲೆಯಾಡಿಸಿದರು, ಅವರು ನಂಬಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅಂದು ಊಟದ ಹೊತ್ತಿಗೆ ಆಯಿ ಮೆತ್ತಗೆ, ಯಾರ ಮುಖವನ್ನೂ ನೋಡದೆ ಹೇಳಿದರು: "ಇಬತ್ತಿ ಧರಿಸಿದ ಜೀವದ ಹೊಟ್ಟ್ಯಾಗಿಂದು ಕಸಕೊಂಡು ತಿನ್ನೂದು ನನಗ ನೋಡಾಕಾಗೂದಿಲ್ಲ. ಇನ್ನ ಯಾವ ಕೋಳೀದೂ ಬ್ಯಾಡ."

ಮರುದಿನದಿಂದ ತತ್ತಿಗಳು ಬುಟ್ಟಿಯಲ್ಲಿ ಅಪ್ಪನ ಅಂಗಡಿಯ ಹಮಾಲರಿಗೆ ಹೋಗತೊಡಗಿದವು. ಅವರಿಗೆ ಅದು ಪ್ರಸಾದವೋ ತತ್ತಿಯೋ ಎಂದು ಯಾರೂ ಕೇಳಲಿಲ್ಲ.

ಬಿಳಿ ಹೋದರೆ ಅಡ್ಡಿಯೂ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಕಾರಣ ಹೋದರೆ ಪರಿಣಾಮ ಹೋಗುತ್ತದೆ. ಅದನ್ನೇ ಓದಿದವಳು ನಾನು. ಎರಡೂ ಕೋಳಿಗಳನ್ನು ಕಟ್ಟಿಗೆ ಒಟ್ಟುವ ಹಳೆಯ ಕೋಣೆಯಲ್ಲಿ ಬೇರೆ ಕಟ್ಟಿದೆ. ಹಗಲಿನಲ್ಲೇ, ಎಲ್ಲರಿಗೂ ಕಾಣುವಂತೆ, ಪದರ ನೆನೆಸಿ ಬಿಡಿಸಿದೆ. ಅದು ಹೊಟ್ಟಿನಂತೆ ಉದುರುತ್ತಿತ್ತು, ಅಡಿಯಲ್ಲಿ ಚರ್ಮ ಹಸಿ ಇತ್ತು. ಬೆಳಿಗ್ಗೆ, ಸಂಜೆ ಮುಲಾಮು ಹಚ್ಚಿದೆ. ಕೋಳಿಗಳು ಮೊದಮೊದಲು ಕೊಸರಿಕೊಂಡವು, ಆಮೇಲೆ ತೊಡೆಯ ಮೇಲೆ ಕಣ್ಣು ಮುಚ್ಚಿ ಕೂತವು. ಆಯಿ ಒಂದು ದಿನವೂ ತಡೆಯಲಿಲ್ಲ. ಬಾಗಿಲಿಗೆ ಬರುವುದನ್ನು ಮಾತ್ರ ನಿಲ್ಲಿಸಿದರು.

ಜುಟ್ಟುಗಳು ಕೆಂಪಾದವು. ಆ ಕೆಲಸ ಚೆನ್ನಾಗಿ ಆಯಿತು. ಒಂದು ಕಲೆಯೂ ಉಳಿಯಲಿಲ್ಲ. ನಾನು ತತ್ತಿ ಬೇಯಿಸಿ, ಸುಲಿದು, ಉಪ್ಪು ಖಾರ ಹಾಕಿ ಕಲ್ಲಿನ ಹತ್ತಿರ ತೆಗೆದುಕೊಂಡು ಹೋದೆ. ಅವ್ವ ಬಿಸಿಲಿನಲ್ಲಿ ಕೂತಿದ್ದಳು. ಬಳೆ ಮತ್ತೆ ಜಾರುತ್ತಿದ್ದವು.

"ತಗೋ ಅವ್ವಾ. ಈಗ ಏನೂ ಇಲ್ಲ ಅದರ ಮ್ಯಾಗ."

"ಇಬತ್ತಿ ಅಳಿಸಿದಿ ಅಂತ ನಿಮ್ಮಾಯಿ ಎರಡು ದಿನ ಉಂಡಿಲ್ಲ. ನಿನಗ ಗೊತ್ತೈತೇನು?"

ಗೊತ್ತಿರಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ.

"ಔಷಧ ಇದ್ದಂಗ ಅಂತ ತಿಳ್ಕೊ," ಎಂದೆ.

"ಇಷ್ಟು ವರ್ಷ ಅವರ ಕೈಯಾಗಿನ ಅನ್ನ ಉಂಡೇನಿ. ಹಿರ್ಯಾರ ಹೊಟ್ಟಿ ಉರಿಸಿ ನನ್ನ ಹೊಟ್ಟಿ ತುಂಬಸ್ಕೊಳ್ಳೂದು ಆಗೂದಿಲ್ಲವಾ." ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ನಿನ್ನ ಕೋಳಿ ಆರಾಮ ಆದ್ವಲ್ಲ, ಸಾಕು."

ನನ್ನ ಕೋಳಿ. ಅಲ್ಲಿಯವರೆಗೆ ಅವು ಆಕೆಯವಾಗಿದ್ದವು.

ಮುಂದಿನ ತಪಾಸಣೆಗೆ ಅವ್ವನನ್ನು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ತೂಕದ ಕಾಂಟಾದ ಮೇಲೆ ಆಕೆಯನ್ನು ನಿಲ್ಲಿಸಿದ ವೈದ್ಯೆಯ ಮುಖ ಬಿಗಿಯಾಯಿತು. "ತತ್ತಿ ತಿನ್ನಾಕತ್ತೀರೋ ಇಲ್ಲೋ?"

"ದಿನಾ ತಿಂತೇನ್ರಿ," ಎಂದಳು ಅವ್ವ. ಅಷ್ಟು ಸಲೀಸಾಗಿ ಆಕೆ ಸುಳ್ಳು ಹೇಳಿದ್ದನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ.

"ಇಲ್ಲರಿ," ಎಂದೆ ನಾನು. "ಬಿಟ್ಟಾಳ."

ವೈದ್ಯೆ ಸಿಟ್ಟಾದರು. ಚಿಕ್ಕ ಮಕ್ಕಳಿಗೆ ಹೇಳುವಂತೆ, ಹೊರಗೆ ಕೂತವರಿಗೂ ಕೇಳುವಂತೆ ಬೈದರು. ಅವ್ವ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು. ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಆಕೆ ಎರಡು ಸಾಲು ಮುಂದೆ ಕೂತಳು. ನವನಗರ ದಾಟಿದ ಮೇಲೆ ಎದ್ದು ಬಂದು, ಕಂಬಿ ಹಿಡಿದು ನಿಂತು, ನನಗಷ್ಟೇ ಕೇಳುವಂತೆ ಹೇಳಿದಳು:

"ಮುಂದಿನ ಸಲ ನೀ ಬರಬ್ಯಾಡ. ನಿಮ್ಮಪ್ಪನ ಕೂಡ ಬರ್ತೇನಿ ನಾ."

ಈಗ ಅಪ್ಪನೇ ಕರೆದುಕೊಂಡು ಹೋಗುತ್ತಾರೆ. ಬಂದ ಮೇಲೆ ವೈದ್ಯರು ಏನಂದರು ಎಂದು ಆಯಿ ಕೇಳುತ್ತಾರೆ. ಎಲ್ಲಾ ಛಲೋ ಐತಿ ಅಂದ್ರು ಎಂದು ಅವ್ವ ಉತ್ತರಿಸುತ್ತಾಳೆ. ಆಯಿ ಸಮಾಧಾನದಿಂದ ಆಕೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಅವ್ವ ಅದನ್ನು ಅರ್ಧ ತಿಂದು, ಉಳಿದದ್ದನ್ನು ಯಾರಿಗೂ ಕಾಣದಂತೆ ಮಡಚಿ ತಟ್ಟೆಯ ಅಂಚಿನ ಕೆಳಗೆ ಇಡುತ್ತಾಳೆ. ನಾನು ನೋಡುತ್ತಿದ್ದೇನೆ ಎಂದು ಆಕೆಗೆ ಗೊತ್ತು.