ಹೆಂಗಸರ ಕಡೆಗೆ ಬಂದ ಕುಳ್ಳಮ್ಮ

ಗಂಡ ಸತ್ತ ಮೇಲೆ ಅವನ ಕೆಲಸ ಕುಳ್ಳಮ್ಮನಿಗೆ ಬಂತು. ಹುಣಸೂರಿನ ಸಂತೆಮಾಳದ ಕಕ್ಕಸಿನಲ್ಲಿ ಗಂಡಸರ ಭಾಗವನ್ನು ಅವಳು ತೊಳೆಯಬೇಕು, ಹೆಂಗಸರ ಭಾಗವನ್ನು ಅವಳ ಮೈದುನ ಮಾರ. ಅವಳು ಒಳಗಿದ್ದಾಗಲೇ ಗಂಡಸರು ನುಗ್ಗುತ್ತಿದ್ದರು. ಒಂದು ಸಂತೆಯ ದಿನ ಅವಳು ಪೊರಕೆಯನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತುಬಿಟ್ಟಳು.

“ಕಕ್ಕಸು ಬಳಿಯೋಳಿಗೆ ಎಂಥ ನಾಚ್ಕೆನೇ?” ಎಂದು ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಗದರಿದ.

“ಕೆಲ್ಸಕ್ಕೆ ನಾಚಾಕಿಲ್ಲ ಬುದ್ಧಿ. ಆದ್ರೆ ನಾನೂ ಎಂಗ್ಸು ಕಣ್ರೀ. ನನ್ನ ಎಂಗಸ್ರ ಕಡೀಕೆ ಆಕ್ಲಿ, ಮಾರ ಇಲ್ಲಿಗೆ ಬರ್ಲಿ.”

ಗಲಾಟೆ ಕೇಳಿ, ಸಂತೆ ನೋಡಲು ಬಂದಿದ್ದ ತಾಲ್ಲೂಕಿನ ಅಮಲ್ದಾರರೇ ಅಲ್ಲಿಗೆ ಬಂದರು. “ನಿನ್ನೊಬ್ಬಳಿಗಾಗಿ ಏರ್ಪಾಡು ಬದಲಿಸಬೇಕೇನು?” ಎಂದರು.

ಸಂತೆಗೆ ಬಂದಿದ್ದ ಹಾಜಿರಾಬಿ ಬುರ್ಖಾದೊಳಗಿನಿಂದಲೇ ದನಿಯೆತ್ತಿದಳು. “ಅವಳೊಬ್ಳಿಗಲ್ಲ ಸಾಹೇಬ್ರೇ. ಒಳಗೆ ಗಂಡಸು ಇರ್ತಾನೆ ಅಂತ ನಾವೂ ಹೋಗೋದೇ ಇಲ್ಲ.”

ಸುತ್ತಲಿದ್ದ ಹೆಂಗಸರೆಲ್ಲ ಹೌದು ಹೌದೆಂದರು. ಅಮಲ್ದಾರರು ನಿಂತಲ್ಲೇ ಇಬ್ಬರ ಕೆಲಸವನ್ನೂ ಅದಲುಬದಲು ಮಾಡಿಸಿದರು.

ಮುಂದಿನ ಸಂತೆಗೆ ಹಾಜಿರಾಬಿ ಕೇರಿಯ ಹೆಂಗಸರನ್ನೆಲ್ಲ ಕರೆತಂದಳು. “ಬನ್ರವ್ವಾ, ಒಳ್ಗೆ ನಾನೇ ಇರಾದು!” ಎಂದು ಕುಳ್ಳಮ್ಮ ಕೂಗಿದ್ದು ಇಡೀ ಸಂತೆಮಾಳಕ್ಕೆ ಕೇಳಿಸಿತು. ಇಷ್ಟು ಗಟ್ಟಿಯಾಗಿ ತಾನು ಮಾತಾಡಬಲ್ಲೆನೆಂದು ಅವಳಿಗೇ ಗೊತ್ತಿರಲಿಲ್ಲ.