ಟೈಲರಮ್ಮನ ಮೊದಲ ಸಹಿ

ಆ ಬಡಾವಣೆಯ ಮಕ್ಕಳು ಯಾವ ವರ್ಷ ಎಷ್ಟು ಉದ್ದ ಬೆಳೆದರು ಎಂದು ಕೇಳಿದರೆ ಹೆತ್ತವರು ತಲೆ ಕೆರೆದುಕೊಳ್ಳುತ್ತಿದ್ದರು. ಟೈಲರಮ್ಮನಿಗೆ ಬಾಯಿಪಾಠ. ಹತ್ತೊಂಬತ್ತು ವರ್ಷ ಅಲ್ಲಿನ ಮಕ್ಕಳಿಗೆಲ್ಲ ಶಾಲೆಯ ಸಮವಸ್ತ್ರ ಹೊಲಿದವಳು ಅವಳು. ಬೆಳೆಯುವ ಮಕ್ಕಳೆಂದು ಪ್ಯಾಂಟಿನ ಅಂಚಿನೊಳಗೆ ಮೂರು ಬೆರಳಷ್ಟು ಬಟ್ಟೆ ಮಡಚಿಡುವಳು, ವರ್ಷಕ್ಕೊಂದು ಬೆರಳು ಬಿಚ್ಚಿ ಇಸ್ತ್ರಿ ಮಾಡಿ ಕೊಡುವಳು. “ನಿನ್ನ ಮಗ ಈ ಸಲ ಬರೀ ಅರ್ಧ ಬೆರಳು ಕಣೇ, ಹಾಲು ಕುಡಿಸ್ತೀಯೋ ನೀರು ಕುಡಿಸ್ತೀಯೋ?” ಎಂದು ತಾಯಂದಿರನ್ನು ಗದರುವಷ್ಟು ಸಲಿಗೆ ಬೆಳೆಸಿಕೊಂಡಿದ್ದಳು. ಮದುವೆ ಆಗಿರಲಿಲ್ಲ. ಕೂಡಿ ಬರಲಿಲ್ಲ ಎಂದು ಜನ ಹೇಳುತ್ತಿದ್ದರು, ಪುರುಸೊತ್ತಾಗಲಿಲ್ಲ ಎಂದು ಅವಳು. ಸಕ್ಕರೆ ಕಾಯಿಲೆಯ ತಾಯಿಯ ಜೊತೆ ಮೂರನೇ ಅಡ್ಡರಸ್ತೆಯ ಒಂದು ಮನೆಯ ಕೆಳಭಾಗದಲ್ಲಿ ಬಾಡಿಗೆಗಿದ್ದಳು. ಹೊಲಿಗೆ ಮಶೀನು ಕಿಟಕಿಯ ಪಕ್ಕದಲ್ಲಿತ್ತು. ಕೂತಲ್ಲಿಂದಲೇ ಪಾರ್ಕಿನ ಜಾರುಬಂಡೆ ಕಾಣುತ್ತಿತ್ತು.

ಬಡಾವಣೆಯೇನೋ ಚೆನ್ನಾಗಿತ್ತು, ಇಲ್ಲವೆನ್ನಲಾಗದು. ಹತ್ತು ಹೆಜ್ಜೆಗೊಂದು ರೋಡ್ ಹಂಪು, ತಿರುವಿನಲ್ಲಿ “ನಿಧಾನ, ಮಕ್ಕಳು ಆಡುತ್ತಿದ್ದಾರೆ” ಎಂಬ ಫಲಕ, ಸಂಜೆಯಾದರೆ ರಸ್ತೆ ತುಂಬ ಸೈಕಲ್ಲು. ಮನೆ ಕೇಳಿಕೊಂಡು ಬಂದವರಿಗೆ ಅಲ್ಲಿ ಮೊದಲ ಪ್ರಶ್ನೆ ಒಂದೇ: “ಫ್ಯಾಮಿಲಿನಾ?”

ಹೀಗಿರುವಾಗ ಟೈಲರಮ್ಮನ ಮನೆಯ ಮಹಡಿಗೆ ಇಬ್ಬರು ನರ್ಸ್‌ಗಳು ಬಾಡಿಗೆಗೆ ಬಂದರು. ಇಪ್ಪತ್ತೈದು, ಇಪ್ಪತ್ತಾರರ ವಯಸ್ಸು. ಒಬ್ಬಳು ಕುಳ್ಳಿ, ಮಾತಿನ ಮಲ್ಲಿ. ಇನ್ನೊಬ್ಬಳು ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿ. ಪಾಳಿಯ ಕೆಲಸ, ಹೊತ್ತಲ್ಲದ ಹೊತ್ತಿನಲ್ಲಿ ಗೇಟು ಕಿರ್ರೆನ್ನುತ್ತಿತ್ತು. ಬಡಾವಣೆಗೆ ಅಷ್ಟು ಸಾಕಾಯಿತು. ಎಲ್ಲಿಗೆ ಹೋಗ್ತಾರೆ, ಯಾರು ಬಿಟ್ಟು ಹೋಗ್ತಾರೆ, ನಗು ಯಾಕೆ ಅಷ್ಟು ಜೋರು! ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು?

ಆದರೆ ಕುಳ್ಳಿ ದಿನಾ ಬೆಳಿಗ್ಗೆ ಪಾಳಿಗೆ ಹೊರಡುವ ಮುಂಚೆ, ಇಲ್ಲವೇ ಪಾಳಿ ಮುಗಿಸಿ ಬಂದು, ಕೆಳಗಿನ ಮನೆಯ ಮುದುಕಿಗೆ ಇನ್ಸುಲಿನ್ ಚುಚ್ಚಿ ಹೋಗುತ್ತಿದ್ದಳು. ಯಾರೂ ಕೇಳಿದ್ದಲ್ಲ. ಮೊದಲ ವಾರ ಟೈಲರಮ್ಮ ನಡುಗುವ ಕೈಯಲ್ಲಿ ಸೂಜಿ ಹಿಡಿದದ್ದನ್ನು ಕಂಡು, “ಕೊಡಿ ಇಲ್ಲಿ, ಇದೇನು ಕಾಜಾ ಹೊಲಿಯೋ ಸೂಜಿನಾ?” ಎಂದು ಕಿತ್ತುಕೊಂಡಿದ್ದಳು. ಮುದುಕಿಗೆ ಅವಳ ಕೈ ಹಿಡಿಸಿತು. ಆ ಇಬ್ಬರನ್ನೂ “ನಮ್ಮ ಮಕ್ಕಳು” ಎನ್ನತೊಡಗಿತು. ಹೆತ್ತ ಮಗಳು ಮಶೀನಿನ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಅದು ಹಿಡಿಸಲಿಲ್ಲ, ನಿಜ ಹೇಳಬೇಕಲ್ಲ.

ಅದೇ ಸಮಯಕ್ಕೆ ಬಡಾವಣೆಯ ಸಂಘದವರು ಒಂದು ಮನೆಯಲ್ಲಿ ಸಭೆ ಕರೆದರು. ಅಷ್ಟು ವರ್ಷ ತಮ್ಮ ಗೇಟಿನಲ್ಲೇ ನಿಲ್ಲಿಸಿ ಬಟ್ಟೆ ಕೊಟ್ಟು ಅಳತೆ ಹೇಳಿ ಕಳಿಸುತ್ತಿದ್ದ ಹೆಂಗಸರು ಅಂದು ಟೈಲರಮ್ಮನನ್ನು ಹಾಲ್‌ನೊಳಗೆ ಕರೆದು ಸೋಫಾದಲ್ಲಿ ಕೂರಿಸಿದರು, ಕೈಗೆ ಕಾಫಿ ಕೊಟ್ಟರು. ಸೋಫಾ ಎಷ್ಟು ಮೆತ್ತಗಿತ್ತೆಂದರೆ ಅವಳಿಗೆ ನೆಟ್ಟಗೆ ಕೂರಲು ಬರಲಿಲ್ಲ. ಮನೆಗಳನ್ನು ಸಂಸಾರಸ್ಥರಿಗಷ್ಟೇ ಬಾಡಿಗೆಗೆ ಕೊಡಬೇಕು ಎಂಬ ನಿಯಮಕ್ಕೆ ಎಲ್ಲರೂ ತಲೆಯಾಡಿಸಿದರು. ಸೆಕ್ರೆಟರಿಗೆ ಮಾತ್ರ ಒಂದು ಅನುಮಾನ. ಅವನು ಮೂವತ್ತರ ಯುವಕ. ಅವನ ಪ್ಯಾಂಟಿನ ಅಂಚನ್ನು ಟೈಲರಮ್ಮ ಐದನೇ ಕ್ಲಾಸಿನಿಂದ ಬಿಚ್ಚಿದವಳು.

“ಆ ಹುಡುಗೀರು ‘ನಾವೂ ಅಕ್ಕತಂಗಿ ಇದ್ದ ಹಾಗೆ’ ಅಂದ್ರೆ ಏನ್ಮಾಡೋದು? ಸಂಸಾರ ಅಂದ್ರೆ ಏನು ಅಂತ ಬರೀಬೇಕಲ್ವಾ?”

ಅಲ್ಲಿ ಕೂತಿದ್ದವರಲ್ಲಿ ಬಾಯಿ ಬಿಟ್ಟವಳು ಟೈಲರಮ್ಮ. ಬಟ್ಟೆಗೆ ಅಳತೆ ಹೇಳಿದಷ್ಟೇ ಖಚಿತವಾಗಿ ಹೇಳಿದಳು: “ರಕ್ತ ಸಂಬಂಧನೋ ಮದುವೆ ಸಂಬಂಧನೋ ಇರೋರು ಇಬ್ಬರಾದ್ರೂ ಒಂದೇ ಮನೇಲಿ ಇರ್ಬೇಕು ಅಂತ ಬರ್ಕೊಳ್ಳಿ. ಇದ್ದ ಹಾಗೆ ಗಿದ್ದ ಹಾಗೆ ಎಲ್ಲ ನಡೆಯಲ್ಲ.”

“ಏನು ತಲೆ ಆಂಟಿ ನಿಮ್ದು!” ಎಂದ ಸೆಕ್ರೆಟರಿ. ಹೆಂಗಸರು ನಕ್ಕರು, ಒಬ್ಬಾಕೆ ಬೆನ್ನು ತಟ್ಟಿದಳು. ಅವಳು ಉಬ್ಬಿಹೋದಳು. ಮೊದಲ ಸಹಿ ಅವಳದೇ. ಅಲ್ಲಿಗೂ ನಿಲ್ಲಲಿಲ್ಲ ಮಹಾತಾಯಿ. ಹಾಳೆ ಹಿಡಿದು ಮನೆ ಮನೆ ಸುತ್ತಿ ಉಳಿದವರ ಸಹಿಯನ್ನೂ ಹಾಕಿಸಿಕೊಂಡು ಬಂದಳು. ಯಾವ ಮನೆಯ ಬಾಗಿಲು ಎಷ್ಟು ಹೊತ್ತಿಗೆ ತೆರೆದಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನರ್ಸ್‌ಗಳು ತಿಂಗಳೊಳಗೆ ಖಾಲಿ ಮಾಡಿದರು. ಹೊರಡುವ ದಿನ ಕುಳ್ಳಿ ಬಂದು ಮುದುಕಿಯ ಕೈ ಹಿಡಿದುಕೊಂಡು, “ಬೇರೆ ಆಸ್ಪತ್ರೆಗೆ ಹಾಕಿದಾರೆ ಅಮ್ಮ, ದೂರ ಆಗುತ್ತೆ” ಎಂದಳು. ಟೈಲರಮ್ಮ ಮಶೀನಿನಿಂದ ತಲೆ ಎತ್ತಲಿಲ್ಲ. ಸದ್ಯ, ಇವಳಿಗೆ ಏನೂ ಗೊತ್ತಿಲ್ಲ ಎಂದು ನೆಮ್ಮದಿಯ ಉಸಿರು ಬಿಟ್ಟಳು.

ಏಳು ತಿಂಗಳಿಗೆ ಮುದುಕಿ ತೀರಿಕೊಂಡಿತು. ಬಡಾವಣೆಯವರೆಲ್ಲ ಬಂದರು, ಕಣ್ಣೊರೆಸಿಕೊಂಡರು, “ನಾವೆಲ್ಲ ಇದೀವಲ್ಲ” ಎಂದರು. ನಲವತ್ತನೇ ದಿನ ಸೆಕ್ರೆಟರಿ ಬಾಗಿಲಲ್ಲಿ ನಿಂತ. ಕೈಯಲ್ಲಿ ಲಕೋಟೆ.

“ಆಂಟಿ, ತಪ್ಪು ತಿಳ್ಕೋಬೇಡಿ. ರೂಲ್ಸು ಅಂದ್ಮೇಲೆ ಎಲ್ಲರಿಗೂ ಒಂದೇ. ಈಗ ನೀವು… ಅಂದ್ರೆ ಒಬ್ಬರೇ ಅಲ್ವಾ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಓದಿದಳು. ತನ್ನದೇ ಮಾತು, ಒಂದಕ್ಷರ ಆಚೀಚೆಯಿಲ್ಲದೆ, ಟೈಪಾಗಿ ತನ್ನ ಕೈಗೇ ಬಂದಿತ್ತು. ಮೂರು ತಿಂಗಳ ಗಡುವು.

“ಲೋ, ನಿನ್ನ ಪ್ಯಾಂಟಿನ ಅಂಚು ಎಷ್ಟು ಸಲ ಬಿಚ್ಚಿದೀನೋ ನಾನು!”

“ಅದಕ್ಕೇ ಆಂಟಿ, ನಾನೇ ಬಂದೆ. ಬೇರೆಯವರಾಗಿದ್ರೆ ಪೋಸ್ಟಲ್ಲಿ ಹಾಕೋರು.”

ಮತ್ತೆ ಮನೆ ಮನೆ ಸುತ್ತಿದಳು, ಅದೇ ಬಾಗಿಲುಗಳು. ಬೆನ್ನು ತಟ್ಟಿದವಳು, “ಒಬ್ಬರಿಗೆ ಬಿಟ್ಟರೆ ನಾಳೆ ಹತ್ತು ಜನ ಬರ್ತಾರಲ್ರೀ” ಎಂದಳು, ಗೇಟಿನಲ್ಲೇ ನಿಂತು. ಮನೆಯ ಯಜಮಾನ, “ನಂದೇನಿದೆಯಮ್ಮ, ಸಂಘ ಹೇಳಿದ ಮೇಲೆ” ಎಂದು ಕೈ ತೊಳೆದುಕೊಂಡ. ಒಬ್ಬಾಕೆಯಂತೂ ಮಗನ ಎರಡು ಶರಟು ಕೈಗಿಟ್ಟು, “ಹೋಗೋದ್ರೊಳಗೆ ಇದಿಷ್ಟು ಮುಗಿಸಿಕೊಡಿ” ಎಂದಳು. ಅದನ್ನೂ ಹೊಲಿದು ಕೊಟ್ಟಳು. ಊರೆಲ್ಲ ಹುಡುಕಿದರೂ ಬೇರೆ ಮನೆ ಸಿಗಲಿಲ್ಲ. ಎಲ್ಲಿ ಹೋದರೂ ಎಷ್ಟು ಜನ ಅನ್ನುವರು, ಒಬ್ಬಳೇ ಅಂದರೆ ಇವಳ ಬೆನ್ನ ಹಿಂದೆ ಯಾರಾದರೂ ಇದ್ದಾರೇನೋ ಎಂಬಂತೆ ಇಣುಕುವರು. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿದ್ದಾರೆಯೇ ಹಿರಿಯರು?

ಗಡುವಿಗೆ ಹದಿನೈದು ದಿನ ಉಳಿದಾಗ ಅವಳಿಗೆ ಕುಳ್ಳಿಯ ಆಸ್ಪತ್ರೆಯ ನೆನಪಾಯಿತು. ವಿಚಾರಿಸಿಕೊಂಡು ಹೋದರೆ ಕುಳ್ಳಿ ಅದೇ ಹಳೆಯ ಆಸ್ಪತ್ರೆಯಲ್ಲಿ, ಅದೇ ವಾರ್ಡಿನಲ್ಲಿದ್ದಳು. ಬೇರೆಡೆಗೆ ಹಾಕಿರಲೇ ಇಲ್ಲ. ಮುದುಕಿ ಹೋದ ಸುದ್ದಿ ಕೇಳಿ ಕುಳ್ಳಿ ಅಲ್ಲೇ ಕಾರಿಡಾರಿನ ಬೆಂಚಿನ ಮೇಲೆ ಕುಸಿದಳು.

“ಒಂದು ಮಾತು ಹೇಳಿ ಕಳಿಸಬಾರದಿತ್ತಾ? ಕೊನೆಗೆ ಇನ್ಸುಲಿನ್ ಯಾರು ಕೊಡ್ತಿದ್ರು?”

“ನಾನೇ. ಕೈ ನಡುಗೋದು.”

ಕುಳ್ಳಿ ಅತ್ತಳು. ಟೈಲರಮ್ಮನಿಗೆ ಬಂದ ಕೆಲಸ ಬಾಯಿಗೆ ಬರಲಿಲ್ಲ. ಕೊನೆಗೆ ಲಕೋಟೆಯನ್ನೇ ಚಾಚಿದಳು. ಕುಳ್ಳಿ ಓದಿ ಕಣ್ಣೊರೆಸಿಕೊಂಡು ನಕ್ಕಳು. ಒಳ್ಳೆಯ ನಗುವಲ್ಲ ಅದು.

“ನಮಗೂ ಇದೇ ಕಾಗದ ಕೊಟ್ಟಿದ್ರು. ಜೊತೆಗೆ ಸಹಿ ಮಾಡಿದ ಹಾಳೆ. ಮೊದಲ್ನೇದು ನಿಮ್ದು.”

“ಗೊತ್ತಿತ್ತಾ ನಿಂಗೆ? ಮತ್ತೆ ಅಮ್ಮನ ಹತ್ರ ಬೇರೆ ಆಸ್ಪತ್ರೆ ಅಂತ…”

“ಮಗಳು ಹೀಗೆ ಮಾಡಿದ್ಲು ಅಂತ ಆ ಜೀವಕ್ಕೆ ಹೇಳ್ಬೇಕಿತ್ತಾ?”

ಟೈಲರಮ್ಮ ಎದ್ದಳು. ಕುಳ್ಳಿ ಅವಳ ಕೈಚೀಲ ಹಿಡಿದೆಳೆದು ಕೂರಿಸಿದಳು.

“ನಮ್ಮ ಮನೇಲಿ ಇನ್ನೊಂದು ಮಂಚ ಹಿಡಿಸುತ್ತೆ. ಬನ್ನಿ. ಕ್ಷಮಿಸಿದೀನಿ ಅಂತ ಮಾತ್ರ ತಿಳ್ಕೋಬೇಡಿ.”

ಮಶೀನು, ಒಂದು ಮಂಚ, ತಾಯಿಯ ಕನ್ನಡಕ. ಇಷ್ಟನ್ನೇ ಹೊತ್ತ ಗಾಡಿ ಹೊರಟಾಗ ಪಾರ್ಕಿನಲ್ಲಿ ಆಡುತ್ತಿದ್ದ ಮಕ್ಕಳು ಅವಳೇ ಹೊಲಿದ ಬಟ್ಟೆಯಲ್ಲಿ ಕೈ ಬೀಸಿದರು. ದೊಡ್ಡವರು ಯಾರೂ ಹೊರಗೆ ಬರಲಿಲ್ಲ. ಹೊಸ ಮನೆ ಮುಖ್ಯರಸ್ತೆಯ ಬ್ಯಾಟರಿ ಅಂಗಡಿಯ ಮೇಲಿತ್ತು. ಮೆಟ್ಟಿಲಲ್ಲಿ ಯಜಮಾನಿ ಅಡ್ಡ ನಿಂತು ಇವಳನ್ನು ಮೇಲಿಂದ ಕೆಳಗೆ ನೋಡಿ, ಕರೆದುಕೊಳ್ಳಲು ಇಳಿದು ಬಂದ ಕುಳ್ಳಿಯನ್ನು ಕೇಳಿದಳು:

“ಇವರು ನಿಮಗೇನಾಗ್ಬೇಕು?”

ಟೈಲರಮ್ಮ ಕುಳ್ಳಿಯ ಮುಖ ನೋಡಿದಳು. ಅಕ್ಕ ಅನ್ನಲಿ, ದೊಡ್ಡಮ್ಮ ಅನ್ನಲಿ, ಏನಾದರೂ ಅನ್ನಲಿ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಕುಳ್ಳಿ ಮಶೀನಿನ ಒಂದು ತುದಿ ಎತ್ತಿಕೊಳ್ಳುತ್ತ ಹೇಳಿದಳು:

“ನಮ್ಮಮ್ಮನ ಮಗಳು.”

ಯಜಮಾನಿ ದಾರಿ ಬಿಟ್ಟಳು. ಟೈಲರಮ್ಮ ಈಗ ಅಲ್ಲೇ ಇದ್ದಾಳೆ. ಆ ಇಬ್ಬರ ಬಿಳಿ ಸಮವಸ್ತ್ರ ಹೊಲಿಯುತ್ತಾಳೆ, ಪಾಳಿ ಮುಗಿಸಿ ಬರುವ ಹೊತ್ತಿಗೆ ಅನ್ನ ಬಿಸಿ ಮಾಡಿಡುತ್ತಾಳೆ. ಇನ್ನೊಬ್ಬಳು ಮೊದಲೇ ಮಾತು ಕಡಿಮೆಯವಳು. ಕುಳ್ಳಿಯೂ ಈಗ ಬೇಕಾದಷ್ಟೇ ಮಾತಾಡುತ್ತಾಳೆ. ಆ ಮನೆಯಲ್ಲಿ ಅವಳನ್ನು ಇವತ್ತಿಗೂ ಯಾರೂ ಅಕ್ಕ ಎಂದು ಕರೆದಿಲ್ಲ.